ಗಣಕಗರ್ವಭಂಗ, ಅಥವಾ ಷಡಕ್ಷರಪ್ಪನವರ ಹೆಸರು ಲಗ್ನಪತ್ರಿಕೆಗೆ ಏರಿದ ಮಹಾಪ್ರಸಂಗ

ಕೇಳಿರಯ್ಯಾ ಸಭಾಸದರೇ, ಕೇಳಿರಮ್ಮಾ ತಾಯಂದಿರೇ! ಸೀಸದ ಮೊಳೆಗಳ ಯುಗವು ಅಸ್ತಮಿಸಿ, ಗಾಜಿನ ಪರದೆಯ ಮೇಲೆ ಅಕ್ಷರಗಳು ತಾವಾಗಿ ಮೊಳೆಯುವ ಯುಗವು ಉದಿಸಿ, ಮನುಷ್ಯಮಾತ್ರದವನು ಯಂತ್ರದ ಮುಖ ನೋಡಿಕೊಂಡೇ ಉಸಿರಾಡುವ ಕಾಲದಲ್ಲಿ, ಮೂರು ದಿಕ್ಕಿನ ಧೂಮಶಕಟಗಳು ಸಂಗಮಿಸುವ ಅರಸೀಕೆರೆಯೆಂಬ ಮಹಾಪಟ್ಟಣದಲ್ಲಿ, ವಿಜಯದಶಮಿಯ ಮರುದಿನ ಶುಕ್ರವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆರಂಭವಾಗಿ ಒಂದೂಕಾಲು ಗಂಟೆ ಎಡೆಬಿಡದೆ ನಡೆದ ಘೋರಾತಿಘೋರ ಸಂಗ್ರಾಮವನ್ನು ಹಾಡಲು ನನ್ನ ನಾಲಗೆ ತವಕಿಸುತ್ತಿದೆ. ಎಲೈ ತಂತಿಗಳಲ್ಲಿ ಹರಿಯುವ ಚಂಚಲೆಯೇ, ಪ್ಲಗ್ಗಿನ ಮೂರು ರಂಧ್ರಗಳಲ್ಲಿ ನೆಲೆಸಿದ ಮಹಾತಾಯಿಯೇ, ಈ ಬಡಪಾಯಿಯ ಬಾಯಿಗೆ ಬಲ ಕೊಡು. ಅದು ಆಗದಿದ್ದರೆ ಒಂದು ಲೋಟ ಕಾಫಿಯನ್ನಾದರೂ ಕೊಡಿಸು.

ರಣಭೂಮಿಯ ಹೆಸರು ತೀರ್ಥ ಮುದ್ರಣಾಲಯ. ಅಗಲ ಹತ್ತಡಿ, ಉದ್ದ ಹದಿನಾಲ್ಕಡಿ. ಬಾಗಿಲಿಗೆ ಬಾಡಿದ ಮಾವಿನ ತೋರಣ, ಹೊಸ್ತಿಲ ಪಕ್ಕದಲ್ಲಿ ಆಯುಧಪೂಜೆಗೆ ಒಡೆದ ಬೂದುಗುಂಬಳಕಾಯಿಯ ಅವಶೇಷ, ಒಳಗೆ ಸೂರಿನವರೆಗೆ ಕಾಗದದ ಕಟ್ಟುಗಳ ಕೋಟೆ. ಆ ಕೋಟೆಯ ನಟ್ಟನಡುವೆ, ಮರದ ಮೇಜಿನ ಮೇಲೆ, ಚೆಂಡುಹೂವಿನ ಹಾರವನ್ನು ಧರಿಸಿ, ಮೂರು ಬೆರಳಿನ ವಿಭೂತಿಪಟ್ಟೆಯಿಂದ ಶೋಭಿಸುತ್ತ, ಗಂಧಕುಂಕುಮಾಲಂಕೃತನಾಗಿ, ಯಾರ ಮಾತಿಗೂ ಸೊಪ್ಪು ಹಾಕದೆ ನಿಂತಿದ್ದನು ಆ ಮಹಾಶತ್ರು. ಅವನೇ ಮುದ್ರಣಾಲಯದ ಏಕೈಕ ಕಂಪ್ಯೂಟರು. ಎರಡು ದಿನ ಹಬ್ಬದ ರಜೆ ಉಂಡು, ಮೂರನೆಯ ದಿನ ಏಳಲು ಒಲ್ಲೆ ಎನ್ನುತ್ತಿದ್ದನು.

ಒಲ್ಲೆ ಎಂದರೂ ನೇರವಾಗಿ ಎಂದನೇ? ಅದೂ ಇಲ್ಲ. ಗುಂಡಿ ಒತ್ತಿದರೆ ಹಸಿರು ದೀಪ ಹತ್ತುವುದು, ಹೊಟ್ಟೆಯೊಳಗಿನ ಫ್ಯಾನು ಗುರ್ರೆನ್ನುವುದು, ಪರದೆ ಇನ್ನೇನು ಕಣ್ಣು ಬಿಟ್ಟಿತು ಎಂದು ನೋಡುವವರ ಜೀವ ಬಾಯಿಗೆ ಬರುವುದು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ಎಲ್ಲ ಟುಸ್ಸೆಂದು ಆರಿಹೋಗುವುದು. ಆಸೆ ತೋರಿಸಿ ಕೈಕೊಡುವ ಇಂಥ ಶತ್ರು ಯಾರ ಪಾಲಿಗೂ ಬರಬಾರದು.

ಈ ಶತ್ರುವಿನೆದುರು ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ, ತೊಡೆಯ ಮೇಲೆ ಚೀಲವನ್ನು ಅವುಚಿಕೊಂಡು ಕೂತಿದ್ದವಳು ಸರ್ವಮಂಗಳ. ಕಾರ್ತಿಕದಲ್ಲಿ ಮಗಳು ಶಿವಲೀಲಳ ಮದುವೆ. ಲಗ್ನಪತ್ರಿಕೆ ಮಾಡಲು ಕೊಟ್ಟಿದ್ದು ಇಲ್ಲಿಯೇ. ಅವಳ ಬಲಗಡೆ, ಆ ಅಂಗಡಿಯಲ್ಲಿದ್ದ ಒಂದೇ ಒಂದು ದಿಂಬಿನ ಕುರ್ಚಿಯನ್ನು ಆಕ್ರಮಿಸಿ, ಛತ್ರಿಯ ಹಿಡಿಯ ಮೇಲೆ ಎರಡೂ ಕೈಗಳನ್ನೂರಿ, ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದವರು ಅವಳ ಒಡಹುಟ್ಟಿದ ಅಣ್ಣ, ಕಣಕಟ್ಟೆಯ ಷಡಕ್ಷರಪ್ಪನವರು. ಶ್ವೇತಪಂಚೆಧಾರಿಗಳು, ಅಖಂಡಕೋಪನಿಧಿಗಳು, ಸಪ್ತವರ್ಷಮೌನವ್ರತಸ್ಥರು.

ಏಳು ವರ್ಷದ ಮೌನವೇಕೆ ಎಂದು ಕೇಳುತ್ತೀರಿ. ಹೇಳುತ್ತೇನೆ, ನಗಬೇಡಿ. ಸರ್ವಮಂಗಳಳ ಹೊಸ ಮನೆಯ ಗೃಹಪ್ರವೇಶದ ದಿನ ನೂರೆಂಟು ಗಡಿಬಿಡಿಯ ನಡುವೆ ಅಣ್ಣನನ್ನು ಎರಡನೇ ಪಂಕ್ತಿಗೆ ಕೂರಿಸಿದರು. ಕೋಸಂಬರಿ ಬಂತು, ಪಲ್ಯ ಬಂತು, ಪಾಯಸ ಬಂತು. ಹೋಳಿಗೆ ಮಾತ್ರ ಅವರಿಗಿಂತ ಮೂರು ಎಲೆ ಹಿಂದೆಯೇ ಮುಗಿದುಹೋಯಿತು. ಷಡಕ್ಷರಪ್ಪನವರು ಎಲೆ ಮಡಿಸಿ ಎದ್ದವರು ಏಳು ವರ್ಷ ತಂಗಿಯ ಹೊಸ್ತಿಲು ತುಳಿಯಲಿಲ್ಲ. ಶಿವಲೀಲಳ ಮದುವೆ ಗೊತ್ತಾದ ಮೇಲೆ ಸರ್ವಮಂಗಳ ಮೂರು ಸಲ ಕಣಕಟ್ಟೆಗೆ ಹೋಗಿ, ಅತ್ತಿಗೆಯ ಕೈಕಾಲು ಹಿಡಿದು, ಹಬ್ಬದ ನೆಪದಲ್ಲಿ ಅವರನ್ನು ಹೇಗೋ ಮನೆಗೆ ಕರೆತಂದಿದ್ದಳು. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಒಡವೆ ಕಡಿಮೆಯಾದರೆ ಆಗಲಿ, ಅಣ್ಣ ಒಬ್ಬ ಬಂದು ನಿಂತರೆ ಸಾಕು ಎಂದು ಅವಳು ದೇವರ ಮನೆಯಲ್ಲಿ ಕೂತು ಅತ್ತಿದ್ದಳು.

ಹೀಗಿರಲಾಗಿ, ಹಿಂದಿನ ದಿನ ಸಂಜೆ ಲಗ್ನಪತ್ರಿಕೆಯ ಕರಡು ಪ್ರತಿಯನ್ನು ಅಣ್ಣನ ಕೈಗೆ ಕೊಟ್ಟಳು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ನಲವತ್ತೊಂದು ಹೆಸರುಗಳಿದ್ದವು. ಗಂಡನ ಚಿಕ್ಕಪ್ಪನ ಬೀಗರಿದ್ದರು, ಎದುರುಮನೆಯ ಸಿಮೆಂಟು ಏಜೆಂಟನಿದ್ದ, ಇನ್ನೂ ತೊಟ್ಟಿಲಲ್ಲಿರುವ ಕೂಸೊಂದು ತನ್ನ ಪೂರ್ತಿ ಹೆಸರಿನೊಂದಿಗೆ ಸುಖಾಗಮನ ಬಯಸಿತ್ತು. ಸೋದರಮಾವನ ಹೆಸರು ಮಾತ್ರ ಇರಲಿಲ್ಲ.

"ಮಂಗ್ಳಾ," ಎಂದರು ಷಡಕ್ಷರಪ್ಪನವರು, ಕರಡನ್ನು ನಾಲ್ಕು ಮಡಿಕೆ ಮಡಿಸುತ್ತ. "ನಾಳೆ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ನನ್ನ ಹೆಸ್ರು ಕಾಗದದ ಮೇಲೆ ಕಂಡ್ರೆ ಸರಿ. ಇಲ್ದಿದ್ರೆ ನಾನು ಬಸ್ಸು ಹತ್ತಿದೆ ಅಂತ ತಿಳ್ಕೊ. ಮದುವೆಗೆ ನನ್ನ ದಾರಿ ಕಾಯ್ಬೇಡ."

ಕೈಯಲ್ಲೇ ಬರೆದು ಸೇರಿಸುತ್ತೇನೆ ಎಂದಳು ತಂಗಿ. ಅಯ್ಯೋ, ಆ ಮಾತು ಆಡಬಾರದಿತ್ತು. "ಸಿಮೆಂಟ್ ಮಾರೋನಿಗೆ ಅಚ್ಚು, ನಂಗೆ ಪೆನ್ನೇನು?" ಎಂದು ಅವರು ರಾತ್ರಿಯ ಊಟವನ್ನೇ ಬಿಟ್ಟರು.

ಇಷ್ಟಕ್ಕೆಲ್ಲ ಕಾರಣಪುರುಷನು ಮುದ್ರಣಾಲಯದ ಒಡೆಯ ತೀರ್ಥಲಿಂಗಪ್ಪ. ಪಟ್ಟಿ ಉದ್ದವಾಗಿ ಕೊನೆಯ ಸಾಲು ಚೌಕಟ್ಟಿನಿಂದ ಆಚೆ ಹೋಯಿತೆಂದು, ಒಂದು ಸಾಲು ತಾನೇ, ಎಂದು ತೆಗೆದುಬಿಟ್ಟಿದ್ದ ಮಹಾನುಭಾವ. ಆ ಸಾಲನ್ನು ಮರಳಿ ಸೇರಿಸುವುದು ಎರಡು ನಿಮಿಷದ ಕೆಲಸ. ಆದರೆ ಪತ್ರಿಕೆಯಿದ್ದದ್ದು ಏಳದ ಕಂಪ್ಯೂಟರಿನ ಹೊಟ್ಟೆಯಲ್ಲಿ. ರಿಪೇರಿಯವನಿಗೆ ಫೋನು ಮಾಡಿದರೆ, ಹೆಂಡತಿಯ ಊರಿಗೆ ಹಬ್ಬಕ್ಕೆ ಬಂದಿದ್ದೇನೆ, ಸೋಮವಾರ ಸಿಗುತ್ತೇನೆ ಎಂದ.

ಆಗ ತೀರ್ಥಲಿಂಗಪ್ಪನು ಅಂಗಿಯ ತೋಳನ್ನು ಮೊಣಕೈ ದಾಟಿಸಿ, ಪಂಚೆಯನ್ನು ಎತ್ತಿ ಕಟ್ಟಿ, ಶತ್ರುವಿನೆದುರು ನಿಂತು, ಕಟ್ಟಡದ ಹಲ್ಲಿಗಳು ಬೆದರುವಂತೆ ನುಡಿದನು: "ಎಲವೋ ಕೃಷ್ಣಕಾಯನೇ! ಮೂವತ್ತೊಂದು ವರುಷ ಟ್ರೆಡಲ್ ಅಚ್ಚುಯಂತ್ರವೆಂಬ ಮದಗಜವನ್ನು ಎಡಗಾಲಿನ ತುದಿಯಿಂದ ಪಳಗಿಸಿದವನು ನಾನು! ಆರು ಚುನಾವಣೆಗಳ ಕರಪತ್ರಗಳನ್ನೂ ಅಸಂಖ್ಯಾತ ನಾಮಕರಣಗಳನ್ನೂ ಈ ಭುಜದ ಮೇಲೆ ಹೊತ್ತವನು ನಾನು! ನಿನ್ನಂಥ ತಗಡಿನ ಡಬ್ಬಕ್ಕೆ ತಲೆಬಾಗುವವನಲ್ಲ, ಏಳು, ಇಲ್ಲವೇ ಅಳಿ!"

ಹೀಗೆ ನುಡಿದನೆಂದು ನಾನು ಹಾಡಬೇಕು, ಅದು ನನ್ನ ಕಸುಬು. ಅವನ ಬಾಯಿಂದ ಹೊರಬಿದ್ದದ್ದು, "ಲೇ, ಎರಡು ದಿನ ರಜ ಕೊಟ್ಟಿದ್ದಕ್ಕೆ ಕೊಬ್ಬು ಬಂತೇನ್ಲಾ ನಿಂಗೆ?" ಎಂಬುದಷ್ಟೇ. ಹಾಗೆಂದು ಡಬ್ಬದ ಎಡಪಕ್ಕೆಗೆ ಅಂಗೈಯಿಂದ ಒಂದು ಬಿಟ್ಟನು. ಟ್ರೆಡಲ್ ಯಂತ್ರ ಮುನಿದಾಗಲೆಲ್ಲ ಅವನು ಮಾಡುತ್ತಿದ್ದ ಮದ್ದು ಅದೊಂದೇ. ಹಾರದಿಂದ ಹತ್ತಾರು ಎಸಳು ಉದುರಿದವು. ಗುಂಡಿ ಒತ್ತಿದನು. ದೀಪ ಹತ್ತಿತು, ಫ್ಯಾನು ಗುಡುಗಿತು. ಸರ್ವಮಂಗಳ ಕುರ್ಚಿಯಿಂದ ಅರ್ಧ ಎದ್ದಳು. ಒಂದು, ಎರಡು, ಮೂರು, ನಾಲ್ಕು. ಅವಳು ಮತ್ತೆ ಕೂತಳು.

ಎರಡನೆಯ ಏಟು ಬಲಪಕ್ಕೆಗೆ. ಮೂರನೆಯದು ನೆತ್ತಿಗೆ. ಬಳಿಕ ಅವನು ಮೇಜಿನ ಕೆಳಗಿನ ಪಾತಾಳಕ್ಕಿಳಿದು, ತಂತಿಗಳೆಂಬ ಸರ್ಪಗಳನ್ನು ಒಂದೊಂದಾಗಿ ಹಿಡಿದೆಳೆದು, ತುದಿಗೆ ಊದಿ, ಅಂಗಿಗೆ ಉಜ್ಜಿ, ಸ್ವಸ್ಥಾನಗಳಲ್ಲಿ ಪ್ರತಿಷ್ಠಾಪಿಸಿದನು. ಅದರಲ್ಲೊಂದು ಯುಪಿಎಸ್ಸಿನದು. ಆ ಯುಪಿಎಸ್ಸು ಕಿವಿ ತೂತಾಗುವಂತೆ ಶಂಖನಾದ ಮಾಡತೊಡಗಿತು. ಅದರ ಬಾಯಿ ಮುಚ್ಚಿಸುವುದರಲ್ಲೇ ಒಂಬತ್ತೂವರೆ ಆಯಿತು.

"ಅದ್ಕೆ ಹಾರ ಹಾಕಿ ಆರತಿ ಎತ್ತಿದೋನು ನೀನು. ನಿಂಗೇ ಎದ್ದು ನಿಲ್ಲಲ್ಲ," ಎಂದರು ಷಡಕ್ಷರಪ್ಪನವರು ಗೋಡೆಗೆ. "ಇನ್ನು ನನ್ನಂಥೋನ ಹೆಸ್ರಿಗೆ ಏಳ್ತದಾ?"

ಸರ್ವಮಂಗಳ ಗಡಿಯಾರವನ್ನೊಮ್ಮೆ, ಅಣ್ಣನ ಛತ್ರಿಯನ್ನೊಮ್ಮೆ ನೋಡಿದಳು.

ಆಗ ಎರಡನೆಯ ವೀರಾಗ್ರಣಿ ರಂಗಪ್ರವೇಶ ಮಾಡಿದಳು. ಯಶೋದೆ, ಅಕ್ಷರಗಳನ್ನು ಒತ್ತುವ ಹೆಣ್ಣುಮಗಳು. ತೀರ್ಥಲಿಂಗಪ್ಪನ ಬಳಿ ಒಂಬತ್ತು ವರ್ಷದ ಅನುಭವ, ಮೂಗಿನ ಮೇಲೆ ಕೋಪ. ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು ಮುಡಿ ಬಿಗಿದವಳೇ, "ಸರ್, ನೀವು ಸರೀರಿ ಅತ್ಲಾಗೆ. ಹೊಡೆದ್ರೆ ಏಳಕ್ಕೆ ಅದೇನು ಕೋಣಾನಾ? ರ್‍ಯಾಮ್ ಬಿಚ್ಚಿ ರಬ್ಬರ್ ಹಾಕ್ಬೇಕು," ಎಂದಳು.

ಹಾರವನ್ನು ಕಣ್ಣಿಗೊತ್ತಿಕೊಂಡು ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದಳು. ಮುಂಭಾಗದ ಗಂಧಕುಂಕುಮಕ್ಕೆ ಕೈ ಸೋಕದಂತೆ ಡಬ್ಬವನ್ನು ಮಗ್ಗುಲಿಗೆ ಮಲಗಿಸಿ, ನಾಲ್ಕು ತಿರುಪುಗಳನ್ನು ತೆಗೆದು, ಪಕ್ಕದ ತಗಡನ್ನು ಕಳಚಿದಳು. ಅಹೋ, ಏನೆಂದು ಬಣ್ಣಿಸಲಿ! ಸಂವತ್ಸರಗಳಿಂದ ಸಂಚಯಗೊಂಡಿದ್ದ ಧೂಳು ಎದ್ದು ಸೂರ್ಯನನ್ನು ಮರೆಮಾಡಿತು. ಮೊದಲು ಯಶೋದೆ ಸೀನಿದಳು, ಬಳಿಕ ತೀರ್ಥಲಿಂಗಪ್ಪ ಸೀನಿದನು, ಬಳಿಕ ಸಪ್ತವರ್ಷಮೌನವ್ರತಸ್ಥರಾದ ಷಡಕ್ಷರಪ್ಪನವರು ಛತ್ರಿ ಬಿದ್ದುಹೋಗುವಂತೆ ಸೀನಿದರು. ಸರ್ವಮಂಗಳ ಅಭ್ಯಾಸಬಲದಿಂದ, "ಚಿರಂಜೀವಿಯಾಗು ಅಣ್ಣಯ್ಯ," ಎಂದಳು. ಅವರು ಕೇಳಿಸದವರಂತೆ ಮೂಗು ಒರೆಸಿಕೊಂಡರು.

ಸ್ಮೃತಿಫಲಕವು ಯಶೋದೆಯ ಹಸ್ತಕ್ಕೆ ಬಂತು. ನಾವು ರ್‍ಯಾಮು ಎನ್ನುವ ಬೆರಳುದ್ದದ ಪಟ್ಟಿ ಅದು. ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಎಡಕ್ಕೆ ಇಪ್ಪತ್ತು ಸಲ, ಬಲಕ್ಕೆ ಇಪ್ಪತ್ತು ಸಲ ತಿಕ್ಕಿ, ಉಫ್ ಎಂದು ಊದಿ, ಮರಳಿ ನೆಟ್ಟಳು. ಈ ಒಂದು ವಿದ್ಯೆಯಿಂದ ಅರಸೀಕೆರೆಯ ಅರ್ಧದಷ್ಟು ಕಂಪ್ಯೂಟರುಗಳು ಬದುಕಿವೆ ಎಂದು ಅವಳ ನಂಬಿಕೆ, ನಾನೂ ಇಲ್ಲವೆನ್ನಲಾರೆ. ಡಬ್ಬವನ್ನು ನಿಲ್ಲಿಸಿ, ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಗುಂಡಿ ಒತ್ತಿದಳು. ದೀಪ ಬಂತು. ಫ್ಯಾನು ಬಂತು. ಪರದೆಯ ಮೇಲೆ ಈ ಸಲ ಬಿಳಿಯ ಅಕ್ಷರಗಳೂ ಒಂದು ಸಾಲು ಬಂದವು.

"ಬಂತು! ಬಂತು ಅಣ್ಣಯ್ಯ!" ಎಂದು ಸರ್ವಮಂಗಳ ಕೂಗಿಯೇಬಿಟ್ಟಳು.

ನಾಲ್ಕು. ಟುಸ್.

ಯಶೋದೆ ರಬ್ಬರನ್ನು ಬೀದಿಗೆ ಎಸೆದಳು. ಆಗ ಹತ್ತು ಗಂಟೆ ಎರಡು ನಿಮಿಷ. ಷಡಕ್ಷರಪ್ಪನವರು ಛತ್ರಿಯನ್ನು ಎತ್ತಿಕೊಂಡು ಮೆಲ್ಲಗೆ ಎದ್ದರು. ಎದ್ದು ಪಂಚೆ ಸರಿಮಾಡಿಕೊಂಡರು. ಬಸ್‌ಸ್ಟ್ಯಾಂಡಿಗೆ ನಡೆದರೆ ಹತ್ತು ನಿಮಿಷ, ಬಸ್ಸು ಹತ್ತುವುದು ರಾಹುಕಾಲಕ್ಕೆ ಮುಂಚೆಯೇ ಆಗಬೇಕು. ತೀರ್ಥಲಿಂಗಪ್ಪ ಹೊಸ ಬಗೆಯ ಏಟೊಂದನ್ನು ಆಲೋಚಿಸುತ್ತಿದ್ದ. ಯಶೋದೆ ಬೇರೆ ಕೀಬೋರ್ಡು ಸಿಕ್ಕಿಸುತ್ತಿದ್ದಳು. ಇವರನ್ನು ನಂಬಿದರೆ ಮಗಳ ಮದುವೆ ಆದ ಹಾಗೆಯೇ ಎಂದು ಸರ್ವಮಂಗಳಳಿಗೆ ಮೈಯೆಲ್ಲ ಉರಿಯಿತು. ಚೀಲವನ್ನು ಕುರ್ಚಿಯ ಮೇಲೆ ಕುಕ್ಕಿ ಎದ್ದು ಹೋಗಿ, ಇಬ್ಬರ ನಡುವೆ ನುಗ್ಗಿ, ಶತ್ರುವಿನ ಮುಖಕ್ಕೆ ಮುಖ ಕೊಟ್ಟು ನಿಂತು, ತಾನೇ ಗುಂಡಿ ಒತ್ತಿದಳು.

ಒತ್ತಿ ಬೆರಳು ತೆಗೆದಳು. ಗುಂಡಿ ಹೊರಗೆ ಬರಲಿಲ್ಲ.

ಅವಳು ಬಗ್ಗಿ ನೋಡಿದಳು. ಗುಂಡಿಯ ಸರಿಯಾಗಿ ಮೇಲೆ ಕಡಲೆಬೇಳೆಯಷ್ಟು ಗಾತ್ರದ ಗಂಧ, ಅದರ ನಡುವೆ ಕುಂಕುಮ. ಗಂಧ ಒಣಗಿ ಗುಂಡಿಯ ಸುತ್ತಲಿನ ಸಂದಿಗೆ ಬೆಸುಗೆ ಹಾಕಿದಂತೆ ಕೂತಿತ್ತು. ಒಳಗೆ ಹೋದ ಗುಂಡಿ ಅಲ್ಲಿಯೇ ಉಳಿದು, ಡಬ್ಬ ಆರಿಹೋದ ಎಷ್ಟೋ ಹೊತ್ತಿನ ಮೇಲೆ, ಸೋಮಾರಿಯ ಹಾಗೆ, ಮೆಲ್ಲಗೆ ಹೊರಗೆ ಬಂತು. ದೋಸೆಹಿಟ್ಟು ಮೆತ್ತಿಕೊಂಡಾಗ ಅವಳ ಮನೆಯ ಮಿಕ್ಸಿಯ ಗುಂಡಿ ಮಾಡುತ್ತಿದ್ದದ್ದೂ ಇದನ್ನೇ.

"ಗುಂಡಿ ಅಂಟ್ಕೊಂಡೈತೆ ಕಣ್ರೀ!" ಎಂದಳು ಸರ್ವಮಂಗಳ. "ನೀವು ಬೆರಳು ತೆಗೆದ್ರೂ ಅದು ಒತ್ತಿಕೊಂಡೇ ಇರ್ತದೆ."

ಯಶೋದೆ ಬಗ್ಗಿದಳು, ನೋಡಿದಳು, ಹಣೆ ಚಚ್ಚಿಕೊಂಡಳು. "ಹೌದು ಸರ್! ನಾಲ್ಕು ಸೆಕೆಂಡು ಒತ್ತಿ ಹಿಡಿದ್ರೆ ಆಫ್ ಆಗ್ತದಲ್ಲ, ಅದೇ ಇದು! ಆದ್ರೆ ಗಂಧ ಹಿಂಗ್ಯಾಕೆ ಕಚ್ಕೊಂಡಿದೆ? ಏನು ಕಲಸಿದ್ರಿ?"

ತೀರ್ಥಲಿಂಗಪ್ಪನೆಂಬ ಟ್ರೆಡಲ್‌ಮರ್ದನನು ನೆಲ ನೋಡಿದನು. "ಪ್ರತಿ ವರ್ಷ ಸಂಜೆಗೇ ಉದುರಿ ಹೋಗ್ತಿತ್ತು. ಅಪಶಕುನ ಅಂತ... ಒಂಚೂರು ಬೈಂಡಿಂಗ್ ಗೋಂದು ಸೇರಿಸ್ದೆ."

ಶತ್ರುವಿನ ಮರ್ಮಸ್ಥಾನ ಗೊತ್ತಾಯಿತು. ಇನ್ನೇನು, ಒದ್ದೆ ಬಟ್ಟೆ ತಂದು ಒರೆಸಿದರೆ ಮುಗಿಯಿತಲ್ಲವೇ ಎಂದು ನೀವು ಕೇಳುತ್ತೀರಿ. ನಿಮಗೆ ಹೇಳುವುದು ಸುಲಭ. ಯಶೋದೆ ಬಟ್ಟೆ ತಂದಳು, ನೀರಲ್ಲಿ ಅದ್ದಿದಳು, ಹಿಂಡಿದಳು, ಗುಂಡಿಯ ಬಳಿ ಕೈ ಒಯ್ದಳು, ಅಲ್ಲೇ ನಿಂತಳು.

"ಇವತ್ತು ಶುಕ್ರವಾರ ಅಲ್ವಾ?"

ಬಟ್ಟೆ ತೀರ್ಥಲಿಂಗಪ್ಪನ ಕೈಗೆ ಹೋಯಿತು. "ಶುಕ್ರವಾರ ಕುಂಕುಮ ಒರೆಸೋದೇ? ಅದೂ ಅನ್ನ ಕೊಡೋ ಯಂತ್ರದ್ದು? ನನ್ನ ಕೈಲಾಗಲ್ಲಮ್ಮ," ಎಂದು ಅವನು ಅದನ್ನು ಕೆಂಡ ಹಿಡಿದವನಂತೆ ಸರ್ವಮಂಗಳಳ ಕೈಗೆ ದಾಟಿಸಿದನು. ಮದುವೆ ಮನೆಯ ಹೆಂಗಸು, ಮುತ್ತೈದೆ, ಶುಕ್ರವಾರ. ಕುಂಕುಮಕ್ಕೆ ಒದ್ದೆ ಬಟ್ಟೆ ಹಾಕಲು ಅವಳ ಕೈ ಏಳಲಿಲ್ಲ. ಮೂವರು ಮಹಾರಥರು ಒಂದು ಚಿಂದಿಯನ್ನು ಕೈಯಿಂದ ಕೈಗೆ ದಾಟಿಸುತ್ತ ನಿಂತರು. ಗಡಿಯಾರ ಹತ್ತು ಗಂಟೆ ಹನ್ನೆರಡು ನಿಮಿಷ ತೋರಿಸಿತು. ಷಡಕ್ಷರಪ್ಪನವರ ಎಡಗಾಲು ಹೊಸ್ತಿಲು ದಾಟಿತು.

"ಅಣ್ಣಯ್ಯ!"

ಆ ಕೂಗಿಗೆ ಎದುರಂಗಡಿಯವನೂ ತಲೆಯೆತ್ತಿ ನೋಡಿದ.

"ಹೋಗು ಮತ್ತೆ! ಹೋಗು, ಏಳು ವರ್ಷ ಹೋಗಿದ್ದೆಯಲ್ಲ, ಇನ್ನೂ ಏಳು ವರ್ಷ ಹೋಗು! ಅವತ್ತು ಹೋಳಿಗೆ ಮುಗೀತು, ಹೌದು. ನಂಗೂ ಸಿಗಲಿಲ್ಲ, ಗೊತ್ತಾ ನಿಂಗೆ? ನೀನು ಎದ್ದು ಹೋದೆ ಅಂತ ಗೊತ್ತಾದ ಮೇಲೆ ನಾನು ಅನ್ನಾನೂ ಮುಟ್ಟಲಿಲ್ಲ. ಹಬ್ಬ ಬಂದಾಗೆಲ್ಲ ಬಾಗಿಲ ಕಡೆ ನೋಡೋದೇ ಆಯ್ತು ನನ್ನ ಬಾಳು. ನಿನ್ನ ಹೆಸರನ್ನ ನಾನು ಬಿಟ್ಟಿಲ್ಲ, ಇವನು ಬಿಟ್ಟಿದ್ದು! ನನ್ನ ಕೂಸನ್ನ ಮಂಟಪಕ್ಕೆ ಬೇರೆ ಯಾರ ಕೈಲಿ ಕೊಡ್ಲಿ ಹೇಳು, ಸಿಮೆಂಟ್ ಏಜೆಂಟಿನ ಕೈಲಾ?"

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅಳು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡಳು.

ಷಡಕ್ಷರಪ್ಪನವರು ಹೊಸ್ತಿಲ ಆಚೆಗೊಂದು ಕಾಲು, ಈಚೆಗೊಂದು ಕಾಲು ಇಟ್ಟು ನಿಂತರು. ಅಖಂಡವಾಗಿದ್ದ ಕೋಪನಿಧಿ ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿರಬೇಕು. ಆದರೆ ಹಾಗೆಂದು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. ಅವರು ತಿರುಗಿ ಬಂದು, ತೀರ್ಥಲಿಂಗಪ್ಪನ ಮೇಲೆ ಹರಿಹಾಯ್ದರು.

"ಏನಯ್ಯಾ, ಪೂಜೆ ಆದ್ಮೇಲೆ ಕದಲಿಸಿದ್ಯಾ?"

"ಏನು ಕದಲಿಸೋದು ಯಜಮಾನ್ರೇ?"

"ಥೂ ನಿನ್ನ! ಪೂಜೆಗೆ ಇಟ್ಟ ಮೇಲೆ ಕದಲಿಸ್ಬೇಕೋ ಬೇಡ್ವೋ? ಕಳಶ ಇಟ್ಟೋರು ಕದಲಿಸದೆ ಹಂಗೇ ಬಿಡ್ತಾರಾ? ಪೂಜೆ ಇನ್ನೂ ಮುಗಿದೇ ಇಲ್ಲ, ನೀನು ಹೋಗಿ ಅದರ ಪಕ್ಕೆಗೆ ಹೊಡೀತಿದ್ದೀಯಾ. ಕುಂಕುಮ ಒರೆಸೋದಲ್ಲ, ಪ್ರಸಾದ ಅಂತ ತೆಗಿಯೋದು. ಕರ್ಪೂರ ಐತಾ? ತಾ. ಮಂಗ್ಳಾ, ಅತ್ತಿದ್ದು ಸಾಕು, ಸೆರಗು ಹೊದ್ಕೊ."

ಅದುವರೆಗೆ ಈ ಯುದ್ಧಕ್ಕೆ ಸೇನಾಪತಿಯಿರಲಿಲ್ಲ, ಈಗ ಸಿಕ್ಕಿದನು. ಪಿನ್ನುಗಳ ಡಬ್ಬಿಯ ಮುಚ್ಚಳವೇ ಆರತಿತಟ್ಟೆಯಾಯಿತು. ಷಡಕ್ಷರಪ್ಪನವರು ಚಪ್ಪಲಿ ಬಿಟ್ಟು, ಕರ್ಪೂರ ಬೆಳಗಿ, ಡಬ್ಬಕ್ಕೆ ಮೂರು ಸುತ್ತು ಎತ್ತಿ, ಯಶೋದೆ ಉತ್ತರ ಎಂದು ತೋರಿಸಿದ ಕಡೆಗೆ ಅದನ್ನು ತಂತಿ ಬಿಟ್ಟಷ್ಟು, ಅಂದರೆ ಎರಡು ಬೆರಳಿನಗಲ, ಭಕ್ತಿಯಿಂದ ಸರಿಸಿದರು. ಆ ಬಳಿಕ ಕಣ್ಣು ಕಿರಿದು ಮಾಡಿ ಬಗ್ಗಿ, ಹೆಬ್ಬೆರಳಿನ ಉಗುರನ್ನು ಗಂಧದ ಅಂಚಿಗೆ ತಗುಲಿಸಿ, ಮೆಲ್ಲಗೆ ಮೀಟಿದರು.

ಟಕ್.

ಗಂಧ ಕುಂಕುಮ ಸಮೇತ ಇಡಿಯಾಗಿ ಎದ್ದು ಬಂತು. ಗುಂಡಿ ಹೊರಗೆ ನೆಗೆಯಿತು. ಷಡಕ್ಷರಪ್ಪನವರು ಉಗುರಿನ ಮೇಲೆ ನಿಂತ ಆ ಕೆಂಪು ಚೂರನ್ನು ತಂಗಿಯ ಕಡೆಗೆ ಚಾಚಿದರು.

"ತಗೋ, ಇಟ್ಕೋ."

ಸರ್ವಮಂಗಳ ಉಂಗುರಬೆರಳಿನಿಂದ ಕುಂಕುಮ ತೆಗೆದು ಹಣೆಗಿಟ್ಟುಕೊಂಡು, ಬಗ್ಗಿ ಅಣ್ಣನ ಕಾಲು ಮುಟ್ಟಿದಳು. "ಆಯ್ತು ಏಳು, ಏಳು," ಎಂದು ಅವರು ಗಡಿಬಿಡಿಯಾಗಿ ಬೇರೆ ಕಡೆ ನೋಡಿದರು. ಯಶೋದೆ ಗುಂಡಿ ಒತ್ತಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಎಣಿಸುವುದನ್ನು ಎಲ್ಲರೂ ಹನ್ನೊಂದಕ್ಕೆ ಬಿಟ್ಟರು.

ಇಲ್ಲಿಗೆ, ಎಲೈ ಸಭಾಸದರೇ, ಏಟುಗಳಿಗೆ ಬಗ್ಗದ, ರಬ್ಬರಿಗೆ ಜಗ್ಗದ, ನಾಲ್ವರು ವೀರರನ್ನು ಒಂದೂಕಾಲು ಗಂಟೆ ಕುಣಿಸಿದ ಮಹಾಶತ್ರುವಿನ ಸಂಹಾರವಾಯಿತು. ಕಳೇಬರವನ್ನು ಅಳೆದು ನೋಡಿದರೆ ಗೋಂದು ಬೆರೆಸಿದ ಒಂದು ಚಿಟಿಕೆ ಗಂಧ. ನಾನೇನು ಮಾಡಲಿ, ನಡೆದದ್ದು ಅಷ್ಟೇ. ಇದಕ್ಕೆ ಪ್ಲಗ್ಗಿನ ಮಹಾತಾಯಿಯನ್ನು ಕರೆದದ್ದು ಸ್ವಲ್ಪ ಜಾಸ್ತಿಯಾಯಿತೆಂದು ನನಗೂ ಅನ್ನಿಸುತ್ತಿದೆ.

ಯಶೋದೆ ಪತ್ರಿಕೆಯನ್ನು ತೆರೆದು, ಪಟ್ಟಿಯ ತಲೆಯಲ್ಲೇ ಜಾಗ ಮಾಡಿ, ಟಪಟಪ ಬೆರಳಾಡಿಸಿದಳು. ಪ್ರಿಂಟರು ಕೆಮ್ಮಿ, ತಡವರಿಸಿ, ಒಂದು ಹಾಳೆಯನ್ನು ಹೊರಗೆ ಬಿಟ್ಟಿತು. ಆಗ ಹತ್ತು ಗಂಟೆ ಇಪ್ಪತ್ತೈದು ನಿಮಿಷ. ತೀರ್ಥಲಿಂಗಪ್ಪನು ಇನ್ನೂ ಬಿಸಿಯಾಗಿದ್ದ ಆ ಹಾಳೆಯನ್ನು ಎರಡೂ ಕೈಗಳಿಂದ ಷಡಕ್ಷರಪ್ಪನವರಿಗೆ ಒಪ್ಪಿಸಿ, ತಪ್ಪಾಯ್ತು ಯಜಮಾನ್ರೇ, ಎಂದು ನಿಂತನು.

ಷಡಕ್ಷರಪ್ಪನವರು ಹಾಳೆಯನ್ನು ಮುಖದ ಹತ್ತಿರ ತಂದರು. ದೂರ ಹಿಡಿದರು. ಬಾಗಿಲ ಬೆಳಕಿಗೆ ಒಯ್ದು ಓರೆಯಾಗಿ ಹಿಡಿದರು. ಜೇಬು ತಡವಿ ನೋಡಿಕೊಂಡರು.

"ಕನ್ನಡಕ ನಿನ್ನ ಮನೇಲೇ ಬಿಟ್ಟು ಬಂದೆ ಕಣೆ, ಸಿಟ್ಟಲ್ಲಿ," ಎಂದರು. "ಏನು ಹಾಕೌರೆ, ಓದು."

ಸರ್ವಮಂಗಳ ಹಾಳೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು ಓದಿದಳು. "ವಧುವಿನ ಸೋದರಮಾವ, ಶ್ರೀ ಷಡಕ್ಷರಪ್ಪನವರು, ಕಣಕಟ್ಟೆ."

ಷಡಕ್ಷರಪ್ಪನವರು ದಿಂಬಿನ ಕುರ್ಚಿಯಲ್ಲಿ ಕೂತುಕೊಂಡರು. ಛತ್ರಿಯನ್ನು ಗೋಡೆಗೆ ಒರಗಿಸಿದರು.

"ಸರಿಯಾಗಿ ಕೇಳಿಸ್ಲಿಲ್ಲ," ಎಂದರು. "ಇನ್ನೊಂದ್ಸಲ ಓದು."